ದೇವಚಂದ್ರನ 34 ವರ್ಷಗಳೂ ನಮ್ಮ ವಿದ್ವಾಂಸರ ಮೌನವೂ

ಬಹುಕಾಲ ನಿಂತಿದ್ದ ಬರವಣಿಗೆಯನ್ನು ಮತ್ತೆ ಕೈಗೆತ್ತಿಕೊಳ್ಳುವವನಿಗೆ ನಮ್ಮ ವಿದ್ವತ್ ವಲಯದಲ್ಲಿ ಎರಡು ಬಗೆಯ ಸ್ವಾಗತ ಕಾದಿರುತ್ತದೆ. "ಇಷ್ಟು ವರ್ಷ ಎಲ್ಲಿ ಹೋಗಿದ್ದಿರಿ?" ಎಂಬ ಕುಹಕ ಒಂದು. "ನಿಜವಾದ ವಿದ್ವಾಂಸ ಬರೆಯುವುದು ಹತ್ತು ವರ್ಷಕ್ಕೊಂದು ಗ್ರಂಥ, ತಿಂಗಳು ತಿಂಗಳೂ ಬರೆಯುವುದು ಪತ್ರಿಕೆಯವರ ಕೆಲಸ" ಎಂಬ ಹಿತೋಪದೇಶ ಇನ್ನೊಂದು. ಮೊದಲನೆಯ ಮಾತು ವಿರಾಮವನ್ನು ಅಪರಾಧವಾಗಿಸುತ್ತದೆ. ಎರಡನೆಯದು ಮೌನವನ್ನು ಗೌರವವಾಗಿಸುತ್ತದೆ. ಮೇಲುನೋಟಕ್ಕೆ ಇವು ಪರಸ್ಪರ ವಿರುದ್ಧವಾಗಿ ಕಂಡರೂ ಫಲ ಒಂದೇ. ಒಮ್ಮೆ ಲೇಖನಿ ಕೆಳಗಿಟ್ಟವನು ಅದನ್ನು ಮತ್ತೆ ಎತ್ತದಂತೆ ಇವೆರಡೂ ಸೇರಿ ಕಾವಲು ಕಾಯುತ್ತವೆ. ಈ ಎರಡು ಮಾತುಗಳನ್ನೂ ನಾನು ಒಪ್ಪುವುದಿಲ್ಲ. ಒಪ್ಪದಿರುವುದಕ್ಕೆ ಕಾರಣಗಳು ನಮ್ಮ ನೆಲದಲ್ಲಿಯೇ, ಚಾಮರಾಜನಗರ ಜಿಲ್ಲೆಯ ಸಾಹಿತ್ಯಚರಿತ್ರೆಯಲ್ಲಿಯೇ ಇವೆ. ಅವುಗಳಲ್ಲಿ ಮೊದಲನೆಯದು ದೇವಚಂದ್ರ.

ಚಾಮರಾಜನಗರ ತಾಲೂಕಿನ ಮಲೆಯೂರು, ಅಂದರೆ ಕನಕಗಿರಿ, ಜೈನರಿಗೆ ಪುರಾತನ ಕ್ಷೇತ್ರ. ಪೂಜ್ಯಪಾದರ ಹೆಸರಿನೊಡನೆ ಆ ಬೆಟ್ಟವನ್ನು ಐತಿಹ್ಯ ಜೋಡಿಸಿದೆ. ದೇವಚಂದ್ರ ಆ ಊರಿನವನು; ಅವನು ಹುಟ್ಟಿದ್ದು 1770ರಲ್ಲಿ. ಟಿಪ್ಪುವಿನ ಪತನದ ಅನಂತರ ಮೈಸೂರು ರಾಜ್ಯದ ಭೂಮಾಪನಕ್ಕೆ ಬಂದ ಕಾಲಿನ್ ಮೆಕೆಂಜಿ 1804ರಲ್ಲಿ ಈ ಸೀಮೆಗೆ ಬಂದಾಗ ಸ್ಥಳದ ಪೂರ್ವಚರಿತ್ರೆಯನ್ನು ವಿಚಾರಿಸಿದನು. ಅವನ ವಿಚಾರಣೆಗೆ ಉತ್ತರ ಕೊಡಬಲ್ಲವನಾಗಿ ಸಿಕ್ಕಿದವನು ದೇವಚಂದ್ರ. ಹಳೆಯ ಸಂಗತಿಗಳನ್ನು ಕಲೆಹಾಕಿ ಬರೆದುಕೊಡಬೇಕೆಂಬ ಕೋರಿಕೆ ಅಲ್ಲಿ ಹುಟ್ಟಿತು. ಆಗ ದೇವಚಂದ್ರನಿಗೆ 34 ವಯಸ್ಸು. ಆ ಕೋರಿಕೆಯ ಬೀಜ 'ರಾಜಾವಳೀ ಕಥೆ'ಯಾಗಿ ಫಲಿಸಿದ್ದು 1838ರಲ್ಲಿ, ಮೈಸೂರು ಅರಮನೆಯ ದೇವಿರಮ್ಮಣ್ಣಿಯ ಸಲುವಾಗಿ. ಆಗ ಅವನಿಗೆ 68. ಕೇಳಿದ್ದ ಮೆಕೆಂಜಿ 1821ರಲ್ಲಿಯೇ ತೀರಿಕೊಂಡಿದ್ದನು. ಕೇಳಿದವನು ಇಲ್ಲವಾಗಿ 17 ವರ್ಷಗಳಾದ ಮೇಲೆ, ತನ್ನ ಆಯುಷ್ಯದಲ್ಲಿ ಇನ್ನೊಂದು ಅಷ್ಟೇ ಆಯುಷ್ಯ ಕಳೆದ ಮೇಲೆ, ಮಲೆಯೂರಿನ ಈ ಪಂಡಿತ ಬರೆದು ಮುಗಿಸಿದನು.

ಈ ನಡುವಿನ ಕಾಲದಲ್ಲಿ ಅವನು ಕೈಕಟ್ಟಿ ಕುಳಿತಿದ್ದನೆಂದು ಯಾರೂ ಹೇಳುವಂತಿಲ್ಲ. 'ರಾಮಕಥಾವತಾರ' ಮೊದಲಾದ ಕೃತಿಗಳು ಅವನ ಹೆಸರಿನಲ್ಲಿವೆ. ಆದರೆ ಅರಸರ, ಆಚಾರ್ಯರ, ಕವಿಗಳ, ಜಾತಿಗಳ, ಊರುಗಳ ಐತಿಹ್ಯವನ್ನೆಲ್ಲ ಒಂದೆಡೆ ಸೇರಿಸುವ ಆ ಒಂದು ಕೆಲಸಕ್ಕೂ ಅದರ ಸಮಾಪ್ತಿಗೂ ನಡುವೆ 34 ವರ್ಷಗಳ ಅಂತರವಿದೆ. ನಮ್ಮ ಕುಹಕಿಗಳು ಆ ದಿನ ಮಲೆಯೂರಿನಲ್ಲಿದ್ದಿದ್ದರೆ "ಇಷ್ಟು ವರ್ಷ ಎಲ್ಲಿದ್ದಿರಿ, ಪಂಡಿತರೇ?" ಎಂದು ಕೇಳದೆ ಬಿಡುತ್ತಿರಲಿಲ್ಲ. ದೇವಚಂದ್ರ ಅದಕ್ಕೆ ಉತ್ತರ ಕೊಡುತ್ತ ಕುಳಿತಿದ್ದರೆ 'ರಾಜಾವಳೀ ಕಥೆ' ಇರುತ್ತಿರಲಿಲ್ಲ. 1889ರಲ್ಲಿ ಶ್ರವಣಬೆಳಗೊಳದ ಶಾಸನಗಳ ಸಂಪುಟವನ್ನು ಹೊರತಂದ ಬಿ.ಎಲ್. ರೈಸ್ ಅವರಿಗೆ ಭದ್ರಬಾಹು ಮತ್ತು ಚಂದ್ರಗುಪ್ತರ ಐತಿಹ್ಯವನ್ನು ವಿವರಿಸಲು ಆಸರೆಯಾದ ಕೃತಿಗಳಲ್ಲಿ ಇದೂ ಒಂದು. ಆರ್. ನರಸಿಂಹಾಚಾರ್ಯರು 1907, 1919, 1929ರಲ್ಲಿ ಮೂರು ಸಂಪುಟಗಳಾಗಿ 'ಕರ್ನಾಟಕ ಕವಿಚರಿತೆ'ಯನ್ನು ಕಟ್ಟಿದಾಗಲೂ ದೇವಚಂದ್ರನ ಮಾತನ್ನು ಪಕ್ಕಕ್ಕೆ ಸರಿಸಲಾಗಲಿಲ್ಲ. ವಿರಾಮದ ಅನಂತರ ಬಂದ ಬರಹದ ಬೆಲೆಯನ್ನು ವಿರಾಮದ ಉದ್ದದಿಂದ ಅಳೆಯುವುದು ಎಂತಹ ಮೌಢ್ಯವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಇಲ್ಲಿ ಪ್ರತಿವಾದಿಗಳು ಒಂದು ಆಕ್ಷೇಪವನ್ನು ಎತ್ತಬಹುದು. ದೇವಚಂದ್ರನ ಕಾಲಗಣನೆ ಗೊಂದಲಮಯ, ಅವನು ಕಥೆಯನ್ನೂ ಚರಿತ್ರೆಯನ್ನೂ ಬೆರೆಸಿದ್ದಾನೆ, ಪರಮತಗಳ ವಿಷಯದಲ್ಲಿ ಅವನ ದೃಷ್ಟಿ ಪಕ್ಷಪಾತದ್ದು, ಎಂದು. ಈ ಮೂರೂ ನಿಜ. ಅವನನ್ನು ಸಾಕ್ಷಿಯ ಕಟಕಟೆಯಲ್ಲಿ ನಿಲ್ಲಿಸಿ ಪಾಟೀಸವಾಲು ಮಾಡದೆ ಯಾವ ಸಂಶೋಧಕನೂ ಅವನ ಮಾತನ್ನು ಒಪ್ಪಬಾರದು. ಆದರೆ ಗಮನಿಸಬೇಕು: ಅವನನ್ನು ಪಾಟೀಸವಾಲಿಗೆ ಗುರಿಪಡಿಸಲು ನಮಗೆ ಸಾಧ್ಯವಾಗಿರುವುದು ಅವನು ಬರೆದುದರಿಂದ. ಬರೆಯದೆ ಸತ್ತ ಅವನ ಸಮಕಾಲೀನ ಪಂಡಿತರ ತಪ್ಪುಗಳನ್ನು ತೋರಿಸುವುದು ಯಾರಿಗೂ ಸಾಧ್ಯವಿಲ್ಲ. ಅವರ ಸರಿಗಳೂ ಯಾರಿಗೂ ದಕ್ಕಿಲ್ಲ. ತಪ್ಪಿಲ್ಲದ ಮೌನಕ್ಕಿಂತ ತಿದ್ದಬಹುದಾದ ಬರಹ ಮೇಲು ಎಂಬುದು ಸಂಶೋಧನೆಯ ಮೊದಲ ಪಾಠ. ಅದನ್ನು ತರಗತಿಯಲ್ಲಿ ಬೋಧಿಸುವ ನಾವೇ ನಮ್ಮ ವಿಷಯಕ್ಕೆ ಬಂದಾಗ ಮರೆಯುತ್ತೇವೆ.

ದೇವಚಂದ್ರನ ಪ್ರಕರಣದ ಇನ್ನೊಂದು ಮುಖ ಇದಕ್ಕಿಂತ ಕಹಿಯಾದುದು. 1838ರಲ್ಲಿ ಮುಗಿದ ಕೃತಿ 'ರಾಜಾವಳೀ ಕಥಾಸಾರ' ಎಂಬ ಹೆಸರಿನಿಂದ ಬಿ.ಎಸ್. ಸಣ್ಣಯ್ಯನವರ ಸಂಪಾದನೆಯಲ್ಲಿ ಮೈಸೂರಿನ ಕನ್ನಡ ಅಧ್ಯಯನ ಸಂಸ್ಥೆಯಿಂದ ಪ್ರಕಟವಾದದ್ದು 1988ರಲ್ಲಿ, 150 ವರ್ಷಗಳ ಅನಂತರ. ಮೆಕೆಂಜಿ ಮತ್ತು ಅವನ ಸಹಾಯಕರು ಊರೂರು ತಿರುಗಿ ಸಂಗ್ರಹಿಸಿದ ಕನ್ನಡ ಕೈಫಿಯತ್ತುಗಳು ಎಂ.ಎಂ. ಕಲಬುರ್ಗಿಯವರ ಸಂಪಾದನೆಯಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಹೊರಬಂದದ್ದು 1994ರಲ್ಲಿ. ಬರೆದವನ ವಿರಾಮ 34 ವರ್ಷ. ಓದಬೇಕಾದ ನಾವು ತೆಗೆದುಕೊಂಡ ವಿರಾಮ ಅದರ ನಾಲ್ಕು ಪಟ್ಟಿಗಿಂತಲೂ ಹೆಚ್ಚು. ಹೀಗಿರುವಾಗ ಲೇಖಕನೊಬ್ಬನ ನಾಲ್ಕೈದು ವರ್ಷಗಳ ಮೌನದ ಲೆಕ್ಕ ಕೇಳುವ ನೈತಿಕ ಅಧಿಕಾರ ನಮ್ಮ ಸಂಸ್ಥೆಗಳಿಗಾಗಲಿ ವಿದ್ವತ್ ಸಮುದಾಯಕ್ಕಾಗಲಿ ಎಲ್ಲಿಂದ ಬಂತು?

ನಮ್ಮ ಭಾಗದ ದಾಖಲೆ ಹೀಗೆ ತುಂಡುತುಂಡಾಗಿರುವುದಕ್ಕೆ ಆಡಳಿತದ ಕಾರಣಗಳೂ ಇವೆ. ಕೊಳ್ಳೇಗಾಲಕ್ಕೂ ಯಳಂದೂರಿಗೂ ಇರುವುದು ಅರ್ಧ ಗಂಟೆಯ ಬಸ್ಸಿನ ದಾರಿ. ಆದರೆ 19ನೆಯ ಶತಮಾನದಲ್ಲಿ ಅವು ಎರಡು ಬೇರೆ ಲೋಕಗಳು. ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದು ಮೈಸೂರು ಸಂಸ್ಥಾನದೊಳಗೆ ಉಳಿಯಿತು. ಕೊಳ್ಳೇಗಾಲ, ಅದರೊಳಗಿನ ಹನೂರು ಸೀಮೆಯೊಡನೆ, ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಅಲ್ಲಿಯೇ ಇತ್ತು. ಇದರ ಪರಿಣಾಮ ಶಾಸನಾಧ್ಯಯನದ ಮೇಲೆ ಏನಾಯಿತೆಂದು ನೋಡಿ. ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕಾ' 4ನೆಯ ಸಂಪುಟ 1898ರಲ್ಲಿ ಪ್ರಕಟವಾದಾಗ ಯಳಂದೂರು ಜಹಗೀರಿನ ಶಾಸನಗಳು ಅದರಲ್ಲಿ ಸೇರಿದವು. ಕೊಳ್ಳೇಗಾಲದವು ಸೇರಲಿಲ್ಲ, ಏಕೆಂದರೆ ಅದು ಮೈಸೂರು ಸಂಸ್ಥಾನದ ಊರಲ್ಲ. ಅದೇ ಮಾಲೆಯಲ್ಲಿ ಯಳಂದೂರಿನ ಪಕ್ಕದಲ್ಲಿ ಕೊಳ್ಳೇಗಾಲವೂ ಬಂದು ಕುಳಿತದ್ದು ಮೈಸೂರು ವಿಶ್ವವಿದ್ಯಾಲಯದ ಪರಿಷ್ಕೃತ ಸಂಪುಟದಲ್ಲಿ, 1975ರಲ್ಲಿ. ನಡುವೆ 77 ವರ್ಷ. ಮನುಷ್ಯನ ನಕ್ಷೆಯಲ್ಲಿ ಎಳೆದ ಗೆರೆಯೊಂದು ಕಲ್ಲಿನ ಮೇಲಿನ ಅಕ್ಷರವನ್ನೂ ಇಷ್ಟು ಕಾಲ ಆಚೆಗಿಟ್ಟಿತು.

ದಾಖಲೆಯ ಸರಪಣಿ ಹೀಗೆ ಪದೇ ಪದೇ ಕಡಿದಿರುವ ಪ್ರದೇಶಕ್ಕೆ ಬೇಕಾದುದು ಯಾವ ಬಗೆಯ ಬರವಣಿಗೆ? ಇದೇ ಈ ಲೇಖನದ ಮುಖ್ಯ ಪ್ರಶ್ನೆ. ಮಹಾಗ್ರಂಥ ಬರಲಿ, ಯಾರೂ ಬೇಡವೆನ್ನುವುದಿಲ್ಲ. ಆದರೆ ಮಹಾಗ್ರಂಥಕ್ಕಾಗಿ ಕಾಯುತ್ತ ಕುಳಿತ ಕಾಲದಲ್ಲಿ ಕಡಿದ ಕೊಂಡಿಗಳು ಹೆಚ್ಚುತ್ತ ಹೋಗುತ್ತವೆ. ರಸ್ತೆ ಅಗಲ ಮಾಡುವಾಗ ವೀರಗಲ್ಲು ಮೋರಿಯ ಚಪ್ಪಡಿಯಾಗುತ್ತದೆ. ಮನೆ ಒಡೆಯುವಾಗ ಅಟ್ಟದ ಕಡತ ಒಲೆಗೆ ಹೋಗುತ್ತದೆ. ಹಾಡುಗಾರ ತೀರಿಕೊಂಡಾಗ ಅವನಿಗೆ ಬರುತ್ತಿದ್ದ ಪಾಠವೂ ಅವನೊಡನೆ ಹೋಗುತ್ತದೆ. ಇವು ಯಾವುವೂ ನಮ್ಮ ಗ್ರಂಥಯೋಜನೆಯ ಕಾಲಾವಧಿಯನ್ನು ಕೇಳಿಕೊಂಡು ಆಗುವುದಿಲ್ಲ. ಇದಕ್ಕೆ ಇರುವ ಮದ್ದು ಒಂದೇ: ಸ್ಥಳದಲ್ಲಿರುವವನು ಕಂಡದ್ದನ್ನು ಕಂಡಾಗ, ಕೇಳಿದ್ದನ್ನು ಕೇಳಿದಾಗ, ದಿನಾಂಕ ಹಾಕಿ ಬರೆಯುವುದು, ಬರೆದದ್ದನ್ನು ಪೆಟ್ಟಿಗೆಯಲ್ಲಿಡದೆ ನಾಲ್ಕು ಜನ ಓದುವಂತೆ ಮಾಡುವುದು, ನಿಂತುಹೋದರೆ ಮತ್ತೆ ಶುರುಮಾಡುವುದು.

ಈ ಕ್ರಮದ ಶಕ್ತಿ ಏನೆಂಬುದನ್ನು ತಿಳಿಯಲು ಫ್ರಾನ್ಸಿಸ್ ಬುಕನನ್ ಒಬ್ಬ ಸಾಕು. ವೆಲ್ಲೆಸ್ಲಿಯ ಆದೇಶದಂತೆ 1800ರ ಏಪ್ರಿಲ್‌ನಲ್ಲಿ ಮದರಾಸಿನಿಂದ ಹೊರಟ ಈ ವೈದ್ಯ ಅದೇ ವರ್ಷ ಸತ್ತೇಗಾಲ, ಹನೂರು, ಕೌದಳ್ಳಿಗಳ ಮಾರ್ಗವಾಗಿ ಕಾವೇರಿಪುರದ ಘಟ್ಟವನ್ನು ಇಳಿದನು. ಅವನಿಗೆ ಕನ್ನಡ ಬಾರದು. ದುಭಾಷಿಗಳ ಮೂಲಕ ಕೇಳಿದ್ದು. ಅವನ ಕಣ್ಣು ಕಂಪನಿಯ ಕಣ್ಣು. ಕಂದಾಯ, ಬೆಳೆ, ಮರ, ಅದಿರು, ನೀರು ಇವೇ ಅವನ ಚಿಂತೆ. ಆದರೆ ಅವನು ಪ್ರತಿ ಮಜಲಿನಲ್ಲಿಯೂ ಆಯಾ ದಿನದ ದಿನಾಂಕ ಹಾಕಿ ಬರೆದನು. ಆ ಬರಹ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಇಂದು ಹನೂರು ಸೀಮೆಯ 1800ರ ಸ್ಥಿತಿಯನ್ನು ತಿಳಿಯಬೇಕಾದ ನಮ್ಮ ವಿದ್ಯಾರ್ಥಿ ತೆರೆಯಬೇಕಾದುದು ಒಂದು ರಾತ್ರಿ ತಂಗಿ ಮುಂದೆ ಹೋದ ಆ ಪರದೇಶಿಯ ಪುಸ್ತಕವನ್ನು. ಅದೇ ನೆಲದಲ್ಲಿ ಮೂವತ್ತು ವರ್ಷ ಪಾಠ ಹೇಳಿ, ಅದೇ ಜಾತ್ರೆಗಳಿಗೆ ಹೋಗಿ, ಅದೇ ಮಾತನ್ನಾಡಿ ನಿವೃತ್ತರಾಗುವ ನಾವು ಮುಂದಿನ ವಿದ್ಯಾರ್ಥಿಗೆ ಏನನ್ನು ಬಿಟ್ಟುಹೋಗುತ್ತೇವೆ? ವಸಾಹತುಶಾಹಿ ದೃಷ್ಟಿಯನ್ನು ಖಂಡಿಸುವ ಭಾಷಣಗಳನ್ನೇ? ಖಂಡನೆ ಸರಿ. ಆದರೆ ಬುಕನನ್ನನನ್ನು ಖಂಡಿಸುವ ಹಕ್ಕು ಪೂರ್ಣವಾಗಿ ದೊರೆಯುವುದು ಅವನು ಒಂದು ದಿನದಲ್ಲಿ ಬರೆದಷ್ಟನ್ನಾದರೂ ನಾವು ಒಂದು ವರ್ಷದಲ್ಲಿ ಬರೆದಾಗ.

ನಾವೇಕೆ ಬರೆಯುವುದಿಲ್ಲ? ಉತ್ತರ ಎಲ್ಲರಿಗೂ ಗೊತ್ತಿದೆ. ಬಾಯಿ ಬಿಟ್ಟು ಹೇಳುವವರು ಕಡಿಮೆ. ಪಿಎಚ್.ಡಿ. ಪದವಿಯ ತನಕ ಬರಹ ಕಡ್ಡಾಯ. ಮಹಾಪ್ರಬಂಧ ರೆಕ್ಸಿನ್ ರಟ್ಟು ಕಟ್ಟಿಸಿಕೊಂಡು ಗ್ರಂಥಾಲಯದ ಕಪಾಟು ಸೇರಿದ ದಿನ ಬಹುಮಂದಿಯ ಲೇಖನಿಗೂ ನಿವೃತ್ತಿ. ಅನಂತರ ಬರೆಯುವುದು ಬಡ್ತಿಗಾಗಿ. 2010ರ ಯು.ಜಿ.ಸಿ. ನಿಯಮಾವಳಿಯೊಡನೆ ಎ.ಪಿ.ಐ. ಅಂಕಗಳ ಪದ್ಧತಿ ಬಂತು. ಬರಹಕ್ಕೆ ಅಂಕ ನಿಗದಿಯಾದ ಮೇಲೆ ಅಂಕಕ್ಕಾಗಿ ಬರಹ ಹುಟ್ಟತೊಡಗಿತು. ಹಣ ಕೊಟ್ಟರೆ ಏನನ್ನಾದರೂ ಅಚ್ಚು ಹಾಕುವ ನಿಯತಕಾಲಿಕೆಗಳು ಅಣಬೆಗಳಂತೆ ಎದ್ದವು. ಅವನ್ನು ಸೋಸಲು ಕೇರ್ ಪಟ್ಟಿ ಬಂತು. 2025ರಲ್ಲಿ ಆ ಪಟ್ಟಿಯನ್ನೂ ಕೈಬಿಟ್ಟರು. ಈ ಹದಿನೈದು ವರ್ಷಗಳಲ್ಲಿ ಕನ್ನಡದ ಎಷ್ಟು ಅಧ್ಯಾಪಕರು ಅಂಕವಿಲ್ಲದ ಒಂದು ಪುಟವನ್ನು, ಕೇವಲ ಅದು ಬರೆಯಬೇಕಾದ ಸಂಗತಿ ಎಂಬ ಕಾರಣಕ್ಕೆ ಬರೆದಿದ್ದಾರೆ ಎಂದು ತಮ್ಮನ್ನು ತಾವೇ ಕೇಳಿಕೊಳ್ಳಲಿ. ಅಂಕದ ಪದ್ಧತಿ ನಮ್ಮನ್ನು ಬರೆಯುವಂತೆ ಮಾಡಿತೆಂದು ಆಡಳಿತಗಾರರು ಹೇಳುತ್ತಾರೆ. ನಾನು ಕಂಡಂತೆ ಅದು ಬರೆಯುವ ಅಭ್ಯಾಸವನ್ನೇ ಕೊಂದಿತು. ಸಲ್ಲಿಸುವ ಅಭ್ಯಾಸವನ್ನು ಬೆಳೆಸಿತು. ಅಭ್ಯಾಸಕ್ಕೆ ಓದುಗನಿರುತ್ತಾನೆ, ಸಲ್ಲಿಕೆಗೆ ಗುಮಾಸ್ತನಿರುತ್ತಾನೆ.

"ಚಿಕ್ಕ ಬರಹ ಸಂಶೋಧನೆಯಾಗದು" ಎಂಬ ಮಾತನ್ನು ಇನ್ನು ನೋಡೋಣ. ಇದನ್ನು ಹೇಳುವವರು ಕನ್ನಡ ಸಂಶೋಧನೆಯ ಚರಿತ್ರೆಯನ್ನು ಓದಿಲ್ಲವೆಂದೇ ಹೇಳಬೇಕಾಗುತ್ತದೆ. ಮಂಜೇಶ್ವರದ ಗೋವಿಂದ ಪೈಯವರು ಕಾಲನಿರ್ಣಯದ ಜಟಿಲ ಪ್ರಶ್ನೆಗಳನ್ನು ಬಿಡಿಸಿದ್ದು ಬಿಡಿ ಲೇಖನಗಳಲ್ಲಿ. ಡಿ.ಎಲ್. ನರಸಿಂಹಾಚಾರ್ಯರ ವಿದ್ವತ್ತಿನ ಬಹುಪಾಲು ಪೀಠಿಕೆಗಳಲ್ಲಿಯೂ ಲೇಖನಗಳಲ್ಲಿಯೂ ಚದರಿದೆ. ಕಲಬುರ್ಗಿಯವರ 'ಮಾರ್ಗ' ಸಂಪುಟಗಳು ದಶಕಗಳ ಕಾಲ ಬಿಡಿಬಿಡಿಯಾಗಿ ಬರೆದ ಸಂಶೋಧನ ಲೇಖನಗಳ ರಾಶಿ. ಇನ್ನೂ ಹಿಂದಕ್ಕೆ ಹೋದರೆ, ನಮ್ಮ ಹಳಗನ್ನಡ ಕಾವ್ಯಗಳು ಅಚ್ಚಿನ ಬೆಳಕು ಕಂಡದ್ದೇ ಮಾಸಪತ್ರಿಕೆಗಳ ಕಂತುಗಳಲ್ಲಿ. 1892ರಲ್ಲಿ ಮೈಸೂರಿನಲ್ಲಿ ಎಂ.ಎ. ರಾಮಾನುಜ ಅಯ್ಯಂಗಾರ್ ಮತ್ತು ಎಸ್.ಜಿ. ನರಸಿಂಹಾಚಾರ್ಯರು ಆರಂಭಿಸಿದ 'ಕರ್ನಾಟಕ ಕಾವ್ಯಮಂಜರಿ', ಅನಂತರದ 'ಕಾವ್ಯಕಲಾನಿಧಿ', ಅದೇ ದಶಕದಲ್ಲಿ ಪದ್ಮರಾಜ ಪಂಡಿತರು ನಡೆಸಿದ 'ಕಾವ್ಯಾಂಬುಧಿ' ಇವೆಲ್ಲ ಇಷ್ಟಿಷ್ಟಾಗಿ, ಕ್ರಮ ತಪ್ಪದಂತೆ ಪ್ರಕಟಿಸುವ ವ್ರತವನ್ನು ತೊಟ್ಟವು. 1919ರಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳು 'ಪ್ರಬುದ್ಧ ಕರ್ಣಾಟಕ'ವನ್ನು ಹುಟ್ಟುಹಾಕಿದ್ದೂ ಇದೇ ನಂಬಿಕೆಯಿಂದ. ನಿಯತಕಾಲಿಕ ಬರವಣಿಗೆ ಪತ್ರಕರ್ತರ ಕೆಲಸವೆಂದು ಈ ಮಹನೀಯರು ಭಾವಿಸಿದ್ದರೆ ಇಂದು ಕನ್ನಡ ಎಂ.ಎ. ತರಗತಿಗೆ ಪಠ್ಯವಿರುತ್ತಿರಲಿಲ್ಲ.

"ಬಿಡುವಿಲ್ಲ" ಎಂಬ ಇನ್ನೊಂದು ನೆಪವಿದೆ. ಅದಕ್ಕೆ ಉತ್ತರ ಯಳಂದೂರಿನಲ್ಲಿಯೇ ಇದೆ. ಸಂಚಿಯ ಹೊನ್ನಮ್ಮ ಈ ಊರಿನವಳು. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ರಾಣಿಯ ಎಲೆಯಡಿಕೆಯ ಸಂಚಿಯನ್ನು ಹಿಡಿಯುವುದು ಅವಳ ಉದ್ಯೋಗ. ಕರೆದಾಗ ಓಗೊಡಬೇಕಾದ, ತನ್ನದೆಂಬ ಹೊತ್ತಿಲ್ಲದ ಊಳಿಗ. ಆ ಊಳಿಗದ ನಡುವೆ ಅವಳು 'ಹದಿಬದೆಯ ಧರ್ಮ'ವನ್ನು ಸಾಂಗತ್ಯದಲ್ಲಿ ಬರೆದಳು. ಅವಳಿಗೆ ಗುರುವಾದ ಸಿಂಗರಾರ್ಯನಿದ್ದನು, ಅರಮನೆಯ ಪ್ರೋತ್ಸಾಹವಿತ್ತು, ನಿಜ. ನಮಗೆ ಗ್ರಂಥಾಲಯವಿದೆ, ಬೇಸಿಗೆ ರಜೆಯಿದೆ, ತಿಂಗಳ ಸಂಬಳವಿದೆ. ಅಧ್ಯಾಪಕರ ಮೇಲೆ ಮೌಲ್ಯಮಾಪನ, ಚುನಾವಣೆ, ದತ್ತಾಂಶ ತುಂಬುವ ಕೆಲಸಗಳ ಹೊರೆ ಹೆಚ್ಚಿದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆ ಹೊರೆ ಅನ್ಯಾಯದ್ದು. ಆದರೆ ಆ ಹೊರೆಯ ವಿರುದ್ಧ ಬರೆಯಲಿಕ್ಕೂ ಬರೆಯುವ ಕೈ ಬೇಕು.

ಈ ಪ್ರಶ್ನೆಯ ಕುರಿತು ಜೈನ ಪರಂಪರೆ ಏನು ಹೇಳುತ್ತದೆಂಬುದನ್ನು ನೋಡುವುದು ದೇವಚಂದ್ರನನ್ನು ಅರಿಯಲು ಅಗತ್ಯ. ತತ್ತ್ವಾರ್ಥಸೂತ್ರ ಸ್ವಾಧ್ಯಾಯವನ್ನು ಆರು ಅಂತರಂಗ ತಪಸ್ಸುಗಳಲ್ಲಿ ಒಂದೆಂದು ಎಣಿಸುತ್ತದೆ. ಅದಕ್ಕೆ ಐದು ಅಂಗಗಳನ್ನು ಹೇಳುತ್ತದೆ. ವಾಚನಾ, ಪೃಚ್ಛನಾ, ಅನುಪ್ರೇಕ್ಷಾ, ಆಮ್ನಾಯ, ಧರ್ಮೋಪದೇಶ. ಓದು, ಪ್ರಶ್ನೆ, ಚಿಂತನೆ, ಪುನರಾವೃತ್ತಿ, ಇತರರಿಗೆ ತಿಳಿಸುವಿಕೆ. ಇವುಗಳಲ್ಲಿ ಕೊನೆಯದು ಇಲ್ಲದೆ ಸ್ವಾಧ್ಯಾಯ ಪೂರ್ಣವಾಗುವುದಿಲ್ಲ. ನಾಲ್ಕನೆಯದಾದ ಆಮ್ನಾಯ ಎಂದರೆ ಮತ್ತೆ ಮತ್ತೆ ಮಾಡುವುದು. ಅದಿಲ್ಲದೆ ಕೊನೆಯದಕ್ಕೆ ಅರ್ಹತೆ ಬರುವುದಿಲ್ಲ. ಸ್ಫೂರ್ತಿಗೆ ಇಲ್ಲಿ ಸ್ಥಾನವೇ ಇಲ್ಲ, ಕ್ರಮಕ್ಕೆ ಇದೆ. ನಮ್ಮ ಅನೇಕ ವಿದ್ವಾಂಸರು ಮೊದಲ ಮೂರು ಅಂಗಗಳಲ್ಲಿ ನಿಷ್ಣಾತರು. ಓದುತ್ತಾರೆ, ಪ್ರಶ್ನಿಸುತ್ತಾರೆ, ಆಲೋಚಿಸುತ್ತಾರೆ; ಅಲ್ಲಿಗೆ ಬಾಗಿಲು ಮುಚ್ಚುತ್ತಾರೆ. ಅದನ್ನು ವಿನಯವೆಂದು ಕರೆದುಕೊಳ್ಳುತ್ತಾರೆ. ವಿನಯವು ಅದೇ ಸೂತ್ರಗ್ರಂಥದಲ್ಲಿ ಬೇರೆಯದೇ ಒಂದು ತಪಸ್ಸು. ಒಂದನ್ನು ಮಾಡುತ್ತೇನೆಂದು ಇನ್ನೊಂದರಿಂದ ತಪ್ಪಿಸಿಕೊಳ್ಳಲು ಅಲ್ಲಿ ಅವಕಾಶವಿಲ್ಲ.

ಬರಹದ ನಡುವಿನ ವಿರಾಮವೂ ಈ ಪರಂಪರೆಗೆ ಅಪರಿಚಿತವಲ್ಲ. ವೀರಸೇನರು ಧವಲಾ ಟೀಕೆಯನ್ನು ಮುಗಿಸಿ ಜಯಧವಲೆಯನ್ನು ಆರಂಭಿಸಿ 20,000 ಗ್ರಂಥಪ್ರಮಾಣ ಬರೆದು ಅಗಲಿದರು. ಶಿಷ್ಯ ಜಿನಸೇನರು 40,000 ಬರೆದು 837ರಲ್ಲಿ ಅದನ್ನು ಪೂರ್ತಿಗೊಳಿಸಿದರು. ಅದೇ ಜಿನಸೇನರು ಮಹಾಪುರಾಣವನ್ನು ಅರ್ಧಕ್ಕೆ ಬಿಟ್ಟುಹೋದಾಗ ಗುಣಭದ್ರರು ಮುಂದುವರಿಸಿದರು. ಅಪೂರ್ಣತೆಗೆ ಅವರಾರೂ ನಾಚಿದಂತೆ ಕಾಣುವುದಿಲ್ಲ. ನಿಂತಲ್ಲಿಂದ ಎತ್ತಿಕೊಳ್ಳುವುದೇ ಗುರುದಕ್ಷಿಣೆಯೆಂದು ತಿಳಿದರು. ನಾಚಿಕೆಯ ಪ್ರಕರಣ ಬೇರೆಯಿದೆ. ಆ ಧವಲಾ ಜಯಧವಲೆಗಳ ಹಳಗನ್ನಡ ಲಿಪಿಯ ತಾಳೆಯೋಲೆಗಳು ಮೂಡಬಿದಿರೆಯಲ್ಲಿ ಶತಮಾನಗಳ ಕಾಲ ದರ್ಶನಕ್ಕೆ ಮಾತ್ರ ಒದಗುತ್ತಿದ್ದವು. ಭಕ್ತರು ನೋಡಿ ಕೈಮುಗಿದರು, ಓದುವವರಿಲ್ಲವಾಯಿತು. ಹೀರಾಲಾಲ್ ಜೈನರ ಸಂಪಾದನೆಯಲ್ಲಿ ಧವಲೆಯ ಪ್ರಕಟಣೆ ಆರಂಭವಾದದ್ದು 1939ರಲ್ಲಿ. ಪೂಜೆಗೊಳ್ಳುವ, ಆದರೆ ಓದಿಸಿಕೊಳ್ಳದ ಗ್ರಂಥಕ್ಕೂ, ಗೌರವಿಸಲ್ಪಡುವ, ಆದರೆ ಬರೆಯದ ವಿದ್ವಾಂಸನಿಗೂ ನನಗೆ ಹೆಚ್ಚಿನ ಭೇದ ಕಾಣುವುದಿಲ್ಲ. ಪೊನ್ನನ ಶಾಂತಿಪುರಾಣದ 1,000 ಪ್ರತಿಗಳನ್ನು ಮಾಡಿಸಿ ಹಂಚಿದ ಅತ್ತಿಮಬ್ಬೆಗೆ ಈ ವ್ಯತ್ಯಾಸ ಹತ್ತನೆಯ ಶತಮಾನದಲ್ಲಿಯೇ ತಿಳಿದಿತ್ತು. ಹಂಚದ ಶ್ರುತ ಉಳಿಯುವುದಿಲ್ಲ.

ಪಂಡಿತಪರಂಪರೆ ಬೇಡವೆನ್ನುವವರು ಹನೂರು ಕೊಳ್ಳೇಗಾಲಗಳ ಜನಪದ ಪರಂಪರೆಯನ್ನು ನೋಡಲಿ. ಮಂಟೇಸ್ವಾಮಿ ಕಾವ್ಯವನ್ನು ಹಾಡುವ ನೀಲಗಾರರೂ ಮಾದೇಶ್ವರನ ಕಾವ್ಯವನ್ನು ಹಾಡುವ ಕಂಸಾಳೆಯ ದೇವರಗುಡ್ಡರೂ ದೀಕ್ಷೆ ಪಡೆದವರು. ಆ ಕಾವ್ಯಗಳು 'ಸಾಲು'ಗಳಾಗಿ ವಿಂಗಡವಾಗಿವೆ. ಇಡೀ ಕಾವ್ಯವನ್ನು ಒಂದೇ ಬಾರಿಗೆ ಹಾಡಿಸುವವರು ಅಪರೂಪ. ಒಂದು ರಾತ್ರಿಗೆ ಕೆಲವು ಸಾಲು, ಇನ್ನೊಂದು ಊರಿನಲ್ಲಿ ಬೇರೆ ಸಾಲು. ಕೃಷಿಯ ಕೆಲಸ ಬಂದಾಗ ಹಾಡು ನಿಲ್ಲುತ್ತದೆ. ಚಿಕ್ಕಲ್ಲೂರಿನ ಜಾತ್ರೆ ಬಂದಾಗ, ಬೆಟ್ಟದ ಪರಿಷೆ ಬಂದಾಗ ಮತ್ತೆ ಎದ್ದೇಳುತ್ತದೆ. "ಕಳೆದ ಆರು ತಿಂಗಳು ಏಕೆ ಹಾಡಲಿಲ್ಲ?" ಎಂದು ಅವನನ್ನು ಕೇಳುವ ಒಕ್ಕಲನ್ನು ನಾನು ಕಂಡಿಲ್ಲ. ಕೂತು ಕೇಳುವವರಿಗೆ ಬೇಕಾದುದು ಈ ರಾತ್ರಿಯ ಸಾಲು. ವಿಮರ್ಶಕರು ಮಹಾಕಾವ್ಯವೆಂದು ಕರೆಯುವುದು ಇಂತಹ ಸಾಲುಗಳ ಸಮುಚ್ಚಯವನ್ನು. ಬಿಡಿ ಲೇಖನವನ್ನು ಹಗುರವಾಗಿ ಕಾಣುವ ನಮ್ಮ ವಿದ್ವಾಂಸರು ಈ ಕಾವ್ಯಗಳ ಮೇಲೆ ಮಹಾಪ್ರಬಂಧ ಬರೆದು ಪದವಿ ಪಡೆದಿದ್ದಾರೆ. ಹಾಡುಗಾರನ ಕ್ರಮದಿಂದ ಮಾತ್ರ ಏನನ್ನೂ ಕಲಿತಿಲ್ಲ.

ಕ್ರಮವಾಗಿ ಬರೆಯುವುದರಲ್ಲಿ ಅಪಾಯಗಳಿಲ್ಲವೆಂದು ನಾನು ವಾದಿಸುವುದಿಲ್ಲ. ಅವಸರ ಒಂದು ಅಪಾಯ; ಹೇಳಲು ಏನೂ ಇಲ್ಲದಿದ್ದರೂ ವಾರ ಬಂತೆಂದು ಬರೆಯುವುದು ಇನ್ನೊಂದು; ಕಂಡದ್ದಕ್ಕೂ ಊಹಿಸಿದ್ದಕ್ಕೂ ಗೆರೆ ಅಳಿಸುವುದು ಎಲ್ಲಕ್ಕಿಂತ ದೊಡ್ಡದು. ಆದುದರಿಂದ ಶಿಸ್ತು ಬೇಕು. ಆ ಶಿಸ್ತು ಕಠಿಣವೇನಲ್ಲ. ಯಾವ ದಿನ, ಯಾವ ಊರಿನಲ್ಲಿ, ಯಾರ ಬಾಯಿಂದ, ಯಾವ ಪ್ರತಿಯಿಂದ ಎಂಬುದನ್ನು ಹೇಳಬೇಕು. ಅಳತೆ ಹಾಕಿದ್ದರೆ ಅಳತೆ, ಓದಲಾಗದ ಅಕ್ಷರವಿದ್ದರೆ ಓದಲಾಗಲಿಲ್ಲವೆಂಬ ಮಾತು ಇರಬೇಕು. ಇಷ್ಟಿದ್ದರೆ ಎರಡು ಪುಟವೂ ಸಂಶೋಧನೆ. ಇಷ್ಟಿಲ್ಲದಿದ್ದರೆ ನಾಲ್ಕುನೂರು ಪುಟವೂ ಅಲ್ಲ.

ವಿಷಯಗಳಿಗೆ ಬರವಿದೆಯೇ? ಕೊಳ್ಳೇಗಾಲದ ಬಸ್ತೀಪುರ ಎಂಬ ಹೆಸರನ್ನು ದಿನವೂ ಉಚ್ಚರಿಸುತ್ತೇವೆ. ಬಸ್ತಿ ಎಂದರೆ ಬಸದಿ ಎಂಬುದು ಕನ್ನಡ ಬಲ್ಲವನಿಗೆ ಗೊತ್ತು. ಆ ಹೆಸರಿನ ಹಿಂದಿನ ಕಥೆಯನ್ನು ಶಾಸನ, ಕಂದಾಯದ ದಾಖಲೆ, ಹಿರಿಯರ ಮಾತು ಇವನ್ನು ಹೊಂದಿಸಿ ನೋಡುವುದು ಒಬ್ಬ ವಿದ್ಯಾರ್ಥಿಯ ಒಂದು ತಿಂಗಳ ಕೆಲಸ. ಯಳಂದೂರಿನ ಗೌರೀಶ್ವರ ದೇವಾಲಯದ ಬಳೆಮಂಟಪದ ಕಲ್ಲಿನ ಬಳೆಗಳನ್ನು ನೋಡಿ ಬೆರಗಾಗುವವರು ಬಹಳ. ಹದಿನಾಡಿನ ಪಾಳೆಯಗಾರರ ಚರಿತ್ರೆಯನ್ನು ಅದರೊಡನೆ ಇಟ್ಟು ಓದುವವರು ವಿರಳ. ಷಡಕ್ಷರದೇವನ ಹೆಸರು ಯಳಂದೂರಿನೊಡನೆ ಸೇರಿದೆ. ಚಿಕ್ಕದೇವರಾಜನ ಪ್ರಧಾನಿಯಾಗಿದ್ದ ಜೈನ ವಿಶಾಲಾಕ್ಷ ಪಂಡಿತನೂ ಯಳಂದೂರಿನವನು. ವೀರಶೈವ ಮಹಾಕವಿ, ಜೈನ ಪ್ರಧಾನಿ, ಶ್ರೀವೈಷ್ಣವ ಗುರುವಿನ ಶಿಷ್ಯೆಯಾದ ಕವಯಿತ್ರಿ, ಈ ಮೂವರನ್ನೂ ಒಂದೇ ಶತಮಾನದಲ್ಲಿ ಪಡೆದ ಸಣ್ಣ ಊರೊಂದರ ವಿದ್ವತ್ ಜೀವನ ಹೇಗಿತ್ತು? ಹನೂರು ಈಗ ಬೇರೆ ತಾಲೂಕು. ಅದರ ಸ್ಥಳನಾಮಗಳು, ಸೋಲಿಗರ ಪೋಡುಗಳ ಹೆಸರುಗಳು, ಕನ್ನಡ ತಮಿಳುಗಳು ಹೆಣೆದುಕೊಂಡ ಅಲ್ಲಿನ ಆಡುಮಾತು, ಒಂದೊಂದೂ ಒಂದೊಂದು ಲೇಖನ. ಬೇಕಾದುದು ಅನುದಾನವಲ್ಲ, ಒಂದು ನೋಟುಪುಸ್ತಕ ಮತ್ತು ತಿಂಗಳಿಗೆರಡು ಭಾನುವಾರ.

ಆದುದರಿಂದ ವಿದ್ಯಾರ್ಥಿಗಳಿಗೂ ಸಂಶೋಧಕರಿಗೂ, ನನ್ನ ವಯಸ್ಸಿನ ಸಹೋದ್ಯೋಗಿಗಳಿಗೂ ನೇರವಾಗಿ ಹೇಳುವುದಿಷ್ಟು. ನಿಮ್ಮ ಬರವಣಿಗೆ ನಿಂತು ಎಷ್ಟು ವರ್ಷವಾಯಿತೆಂಬ ಲೆಕ್ಕವನ್ನು ಬಿಡಿ. ಆ ಲೆಕ್ಕ ಯಾವ ಓದುಗನಿಗೂ ಬೇಡ. ವಿರಾಮಕ್ಕೆ ಸಮಜಾಯಿಷಿ ಹೇಳುವ ಪೀಠಿಕೆ ಬರೆಯಬೇಡಿ. ಆ ಪೀಠಿಕೆಯನ್ನು ಬರೆಯುವ ಶಕ್ತಿಯಲ್ಲಿ ಒಂದು ಶಾಸನದ ಟಿಪ್ಪಣಿ ಮುಗಿಯುತ್ತದೆ. ಮತ್ತೆ ಆರಂಭಿಸುವವನು ಮೊದಲಿನಷ್ಟೇ ವೇಗದಲ್ಲಿ ಬರೆಯಬೇಕೆಂಬ ನಿಯಮವೂ ಇಲ್ಲ. ಹದಿನೈದು ದಿನಕ್ಕೊಂದು ಪುಟವಾದರೆ ವರ್ಷಕ್ಕೆ 24 ಪುಟ. ಹತ್ತು ವರ್ಷಕ್ಕೆ 240. ಹತ್ತು ವರ್ಷಕ್ಕೊಂದು ಗ್ರಂಥವೆಂದು ಉಪದೇಶಿಸುವವರ ಅಳತೆಯಲ್ಲಿಯೂ ಅದು ಒಂದು ಗ್ರಂಥವೇ. ಅವರ ಗ್ರಂಥಕ್ಕೂ ನಿಮ್ಮದಕ್ಕೂ ವ್ಯತ್ಯಾಸವೆಂದರೆ, ನಿಮ್ಮದನ್ನು ಅಷ್ಟರಲ್ಲಿ ನಾಲ್ಕು ಜನ ಓದಿರುತ್ತಾರೆ, ತಿದ್ದಿರುತ್ತಾರೆ, ಮುಂದಕ್ಕೆ ಒಯ್ದಿರುತ್ತಾರೆ. ಅವರದು ಇನ್ನೂ ಸಂಕಲ್ಪದಲ್ಲಿಯೇ ಇರುತ್ತದೆ.

ದೇವಚಂದ್ರನಿಗೆ ಓದುಗರಿಗಾಗಿ 150 ವರ್ಷ ಕಾಯಬೇಕಾಯಿತು. ನಮಗೆ ಆ ಕಷ್ಟವಿಲ್ಲ. ಇಂದು ಬರೆದುದನ್ನು ಇಂದೇ ಓದುವವರಿದ್ದಾರೆ. ಅಷ್ಟಾದರೂ ಸುಮ್ಮನಿರುವವರು ತಮ್ಮ ಮೌನಕ್ಕೆ ಪಾಂಡಿತ್ಯದ ಹೆಸರು ಕೊಡದಿರಲಿ.